ಮೆಡಿಕೇರ್ ಪಾರ್ಟ್ ಬಿ ಪ್ರೀಮಿಯಂ ತಗ್ಗಿಸಿಕೊಳ್ಳುವುದು ಹೇಗೆ? ‘ಗಿವ್‌ಬ್ಯಾಕ್’ ಹಿಂದಿನ ಲೆಕ್ಕಾಚಾರ

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಹಿರಿಯರ ಮನೆಗಳಲ್ಲಿ ಧಾರಾವಾಹಿಗಿಂತ ಮೆಡಿಕೇರ್ ಜಾಹೀರಾತಿನ ಸದ್ದೇ ಜೋರು. ಮೆಡಿಕೇರ್ ಎಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ. ಅಂಚೆಪೆಟ್ಟಿಗೆ ತುಂಬ ಹೊಳೆಯುವ ಕಾಗದಗಳು. ನಮ್ಮ ಸೋದರಮಾವ ಕಳೆದ ಹಂಗಾಮಿನಲ್ಲಿ ಫೋನ್ ಮಾಡಿ, "ಏನೋ ಇದು, ತಿಂಗಳಿಗೆ ಎಪ್ಪತ್ತೈದು ಡಾಲರ್ ವಾಪಸ್ ಕೊಡ್ತಾರಂತೆ, ನಿಜವೇನೋ?" ಎಂದು ಕೇಳಿದರು. "ಕೊಡೋದು ನಿಜ ಮಾವ, ಸುಮ್ನೆ ಕೊಡ್ತಾರೆ ಅನ್ನೋದು ಸುಳ್ಳು" ಎಂದೆ. ಪಾರ್ಟ್ ಬಿ ಪ್ರೀಮಿಯಂನ ಒಂದು ಭಾಗವನ್ನು ಖಾಸಗಿ ವಿಮಾ ಕಂಪನಿಯೇ ಕಟ್ಟುವ ಈ ಕೊಡುಗೆಗೇ ‘ಗಿವ್‌ಬ್ಯಾಕ್’ ಎಂದು ಹೆಸರು. ಆಮೇಲೆ ಎರಡು ಸಂಜೆ ಕೂತು ಅವರ ಕಾಗದಗಳನ್ನೆಲ್ಲ ಹರಡಿಕೊಂಡು ಲೆಕ್ಕ ಹಾಕಿದೆವು. ಆ ಎರಡು ಸಂಜೆಯ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮನ ಮೆಡಿಕೇರ್ ನೋಡಿಕೊಳ್ಳುವ ಮಕ್ಕಳಿಗೂ, ತಾವೇ 65ರ ಹೊಸ್ತಿಲಲ್ಲಿ ನಿಂತವರಿಗೂ ಬೇಕಾಗಬಹುದು.

ಮೊದಲು ಕಟ್ಟುತ್ತಿರುವುದೆಷ್ಟು ನೋಡಿ

ಮೆಡಿಕೇರ್‌ನ ಪಾರ್ಟ್ ಎ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಪಾರ್ಟ್ ಬಿ ಡಾಕ್ಟರ ಭೇಟಿ, ಪರೀಕ್ಷೆ, ಹೊರರೋಗಿ ಚಿಕಿತ್ಸೆಗೆ. ತಾವು ಅಥವಾ ಗಂಡ/ಹೆಂಡತಿ ಅಮೆರಿಕದಲ್ಲಿ ಒಟ್ಟು ಸುಮಾರು 10 ವರ್ಷ, ಅಂದರೆ 40 ಕ್ವಾರ್ಟರ್ ದುಡಿದು ತೆರಿಗೆ ಕಟ್ಟಿದ್ದರೆ ಪಾರ್ಟ್ ಎಗೆ ಪ್ರೀಮಿಯಂ ಇಲ್ಲ. ಪಾರ್ಟ್ ಬಿಗೆ ಮಾತ್ರ ಎಲ್ಲರೂ ಕಟ್ಟಬೇಕು. 2025ರಲ್ಲಿ ಅದು ತಿಂಗಳಿಗೆ 185 ಡಾಲರ್ ಇತ್ತು, 2026ರಲ್ಲಿ 202.90 ಡಾಲರ್. ಗಂಡ ಹೆಂಡತಿ ಇಬ್ಬರದೂ ಸೇರಿದರೆ ವರ್ಷಕ್ಕೆ 4,870 ಡಾಲರ್ ಹತ್ತಿರ.

ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ ಬರುವವರಿಗೆ ಈ ಹಣ ಅದರಲ್ಲೇ ಮುರಿದುಹೋಗುತ್ತದೆ, ಹಾಗಾಗಿ ಎಷ್ಟೋ ಜನಕ್ಕೆ ತಾವು ಕಟ್ಟುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಪಿಂಚಣಿ ಇಲ್ಲದವರಿಗೆ ಮನೆಗೇ ಬಿಲ್ಲು ಬರುತ್ತದೆ. ಬರೀ ಪಾರ್ಟ್ ಬಿ ಇದ್ದರೆ ಮೂರು ತಿಂಗಳಿಗೊಮ್ಮೆ, ಪಾರ್ಟ್ ಎಯನ್ನೂ ದುಡ್ಡು ಕೊಟ್ಟು ಕೊಂಡಿದ್ದರೆ ಪ್ರತಿ ತಿಂಗಳೂ.

ಈಗ ಆ ಬಿಲ್ಲನ್ನೋ ಸೋಷಿಯಲ್ ಸೆಕ್ಯೂರಿಟಿಯ ವಾರ್ಷಿಕ ಪತ್ರವನ್ನೋ ಕೈಗೆತ್ತಿಕೊಳ್ಳಿ. ಮೊತ್ತ ಸರಿಯಾಗಿ 202.90 ಇದೆಯೇ? ಹೆಚ್ಚಿದ್ದರೆ ಕಾರಣ ಎರಡರಲ್ಲೊಂದು: ತಡವಾಗಿ ಸೇರಿದ ದಂಡ, ಇಲ್ಲವೇ ಆದಾಯ ಹೆಚ್ಚಿದ್ದಕ್ಕೆ ಬೀಳುವ ‘ಇರ್ಮಾ’ ಎಂಬ ಹೆಚ್ಚುವರಿ. ಸೇರಬೇಕಿದ್ದ ಹೊತ್ತಿನಲ್ಲಿ ಸೇರದೆ ಕಳೆದ ಪ್ರತಿ ಪೂರ್ಣ 12 ತಿಂಗಳಿಗೆ ಶೇ 10ರಷ್ಟು ದಂಡ. ಇದು ಸಾಮಾನ್ಯವಾಗಿ ಪಾರ್ಟ್ ಬಿ ಇರುವವರೆಗೂ ಬೆನ್ನು ಬಿಡುವುದಿಲ್ಲ.

ಈ ಮೊತ್ತ ಇಳಿಸಲು ಮೂರು ದಾರಿಗಳಿವೆ. ಟಿವಿಯಲ್ಲಿ ಬರುವುದು ಮೂರನೆಯದು ಮಾತ್ರ. ಮೊದಲೆರಡಕ್ಕೆ ಜಾಹೀರಾತಿಲ್ಲ, ಯಾಕೆಂದರೆ ಅದರಿಂದ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ. ಆದರೆ ಮೊದಲು ತಟ್ಟಬೇಕಾದ ಬಾಗಿಲು ಅವೇ.

ಮೊದಲ ದಾರಿ: ಆದಾಯ ಕಡಿಮೆಯಿದ್ದರೆ ರಾಜ್ಯ ಸರ್ಕಾರವೇ ಕಟ್ಟುತ್ತದೆ

ಇದಕ್ಕೆ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ ಎಂದು ಹೆಸರು. ಒಳಗೆ ಮೆಟ್ಟಿಲುಗಳಿವೆ. ತೀರಾ ಕಡಿಮೆ ಆದಾಯದವರಿಗೆ ಕ್ಯೂಎಂಬಿ: ಪಾರ್ಟ್ ಬಿ ಪ್ರೀಮಿಯಂ ಮಾತ್ರವಲ್ಲ, ಪಾರ್ಟ್ ಎ ಪ್ರೀಮಿಯಂ, ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುನ್ನ ನಾವು ಭರಿಸುವ ಮೊತ್ತ), ಕೋಪೇ (ಪ್ರತಿ ಚಿಕಿತ್ಸೆಗೆ ನಾವು ಕೊಡುವ ಪಾಲು) ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಅದರ ಮೇಲಿನ ಎಸ್‌ಎಲ್‌ಎಂಬಿ ಮತ್ತು ಕ್ಯೂಐ ಎರಡೂ ಪಾರ್ಟ್ ಬಿ ಪ್ರೀಮಿಯಂ ಪೂರ್ತಿ ಕಟ್ಟುತ್ತವೆ.

2026ರ ಕೇಂದ್ರ ಮಿತಿಗಳು ಹೀಗಿವೆ. ಒಬ್ಬರೇ ಇದ್ದರೆ ತಿಂಗಳ ಆದಾಯ 1,350 ಡಾಲರ್‌ವರೆಗೆ ಕ್ಯೂಎಂಬಿ, 1,616ರವರೆಗೆ ಎಸ್‌ಎಲ್‌ಎಂಬಿ, 1,816ರವರೆಗೆ ಕ್ಯೂಐ. ದಂಪತಿಗೆ ಇದೇ ಕ್ರಮದಲ್ಲಿ 1,824, 2,184 ಮತ್ತು 2,455 ಡಾಲರ್. ಆಸ್ತಿಯ ಮಿತಿ ಒಬ್ಬರಿಗೆ 9,950, ದಂಪತಿಗೆ 14,910 ಡಾಲರ್. ವಾಸದ ಮನೆ, ಒಂದು ಕಾರು ಈ ಲೆಕ್ಕಕ್ಕೆ ಬರುವುದಿಲ್ಲ. ಅಲಾಸ್ಕಾ, ಹವಾಯಿಗಳಲ್ಲಿ ಆದಾಯದ ಮಿತಿ ಇನ್ನೂ ಹೆಚ್ಚು. ರಾಜ್ಯಗಳು ತಮ್ಮ ಕಡೆಯಿಂದ ಸಡಿಲಿಸಲೂಬಹುದು. ನ್ಯೂಯಾರ್ಕ್‌ನಲ್ಲಿ ಆಸ್ತಿಯನ್ನು ನೋಡುವುದೇ ಇಲ್ಲ. ಆದ್ದರಿಂದ ಹತ್ತು ಇಪ್ಪತ್ತು ಡಾಲರ್ ಮೇಲಾಯಿತೆಂದು ನೀವೇ ತೀರ್ಮಾನಿಸಿ ಸುಮ್ಮನಾಗಬೇಡಿ, ಅರ್ಜಿ ಹಾಕಿ. ಹಾಕುವುದು ನಿಮ್ಮ ರಾಜ್ಯದ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ನೆರವು) ಕಚೇರಿಗೆ, ಸೋಷಿಯಲ್ ಸೆಕ್ಯೂರಿಟಿಗಲ್ಲ. ಕ್ಯೂಐಗೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಬೇಕು, ಮೊದಲು ಬಂದವರಿಗೆ ಮೊದಲು, ಹಾಗಾಗಿ ವರ್ಷದ ಆರಂಭದಲ್ಲೇ ಹಾಕುವುದು ಲೇಸು.

ಇಲ್ಲಿ ಜನ ಹೆದರುವ ಒಂದು ವಿಷಯವಿದೆ: "ಆಮೇಲೆ ಮನೆ ಕಿತ್ಕೊಳ್ತಾರಂತೆ." ದೀರ್ಘಕಾಲದ ಮೆಡಿಕೇಡ್ ಆರೈಕೆ ಪಡೆದವರ ಆಸ್ತಿಯಿಂದ ಮರಣಾನಂತರ ವಸೂಲಿ ಮಾಡುವ ನಿಯಮ ಇರುವುದು ಹೌದು. ಆದರೆ ಸೇವಿಂಗ್ಸ್ ಪ್ರೋಗ್ರಾಂ ಕಟ್ಟಿದ ಮೆಡಿಕೇರ್ ಖರ್ಚಿಗೆ 2010ರಿಂದ ಈ ವಸೂಲಿ ಅನ್ವಯಿಸುವುದಿಲ್ಲ. ಇನ್ನೊಂದು ಲಾಭವೂ ಇದೆ. ಈ ಕಾರ್ಯಕ್ರಮಕ್ಕೆ ಸೇರಿದವರಿಗೆ ಔಷಧಿ ಖರ್ಚು ಇಳಿಸುವ ‘ಎಕ್ಸ್‌ಟ್ರಾ ಹೆಲ್ಪ್’ ತಾನಾಗಿ ಸಿಗುತ್ತದೆ, ಪಾರ್ಟ್ ಬಿ ತಡದಂಡವೂ ಬಿದ್ದುಹೋಗುತ್ತದೆ.

ಮಕ್ಕಳು ಕರೆಸಿಕೊಂಡು ಗ್ರೀನ್ ಕಾರ್ಡ್ ಪಡೆದ ತಂದೆತಾಯಿಯ ವಿಷಯ ಬೇರೆ. ಮಗ ಅಥವಾ ಮಗಳು ಪ್ರಾಯೋಜಕರಾಗಿ ಸಹಿ ಹಾಕಿರುವುದರಿಂದ ಅವರ ಆದಾಯವನ್ನೂ ಹಿರಿಯರ ಆದಾಯಕ್ಕೆ ಸೇರಿಸಿ ನೋಡುವ ಸಂದರ್ಭವಿರುತ್ತದೆ. ಪೌರತ್ವ ಸಿಕ್ಕ ಮೇಲೆ ಆ ತೊಡಕು ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ವಲಸೆ ವಕೀಲರನ್ನೊಮ್ಮೆ ಕೇಳಿ.

ಎರಡನೆಯ ದಾರಿ: ಇರ್ಮಾ ಇಳಿಸಲು ಅರ್ಜಿ

ಹಿಂದಿನ ದಾರಿ ಆದಾಯ ಕಡಿಮೆಯಿರುವವರದು, ಇದು ಹೆಚ್ಚಿರುವವರದು. 2026ರಲ್ಲಿ ಒಬ್ಬರ ಆದಾಯ 1,09,000 ಡಾಲರ್, ಜಂಟಿಯಾಗಿ ತೆರಿಗೆ ಸಲ್ಲಿಸುವವರದು 2,18,000 ಡಾಲರ್ ದಾಟಿದ್ದರೆ ಪಾರ್ಟ್ ಬಿ ಏರುತ್ತದೆ. ಮೊದಲ ಮೆಟ್ಟಿಲಿಗೆ 284.10 ಡಾಲರ್, ಕಡೆಯ ಮೆಟ್ಟಿಲಿಗೆ 689.90. ನೋಡುವುದು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ, ಅಂದರೆ 2026ಕ್ಕೆ 2024ರದು. ಆಗ ಕೆಲಸದಲ್ಲಿದ್ದು ಈಗ ನಿವೃತ್ತರಾದವರಿಗೆ ಇದು ಅನ್ಯಾಯವೆನಿಸುವುದು ಸಹಜ. ಅದಕ್ಕೇ ಎಸ್‌ಎಸ್‌ಎ-44 ಎಂಬ ಫಾರ್ಮ್ ಇದೆ. ನಿವೃತ್ತಿ, ಕೆಲಸದ ಅವಧಿ ಕಡಿತ, ಮದುವೆ, ವಿಚ್ಛೇದನ, ಸಂಗಾತಿಯ ಮರಣ, ಪಿಂಚಣಿ ನಿಂತುಹೋದದ್ದು, ಇಂಥ ಕಾರಣವಿದ್ದರೆ ದಾಖಲೆಯೊಂದಿಗೆ ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ಕೊಡಿ. ಒಪ್ಪಿದರೆ ಹೊಸ ಆದಾಯದ ಮೇಲೆ ಪ್ರೀಮಿಯಂ ನಿಗದಿಯಾಗುತ್ತದೆ.

ನಮ್ಮವರು ಎಡವುವುದು ಇಲ್ಲೊಂದು ಕಡೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಿಂದೆ ಕೊಂಡಿಟ್ಟ ಸೈಟು ಮಾರುತ್ತಾರೆ. ಭಾರತದಲ್ಲಿ ತೆರಿಗೆ ಕಟ್ಟಿದ್ದೇವೆ, ಅಮೆರಿಕದಲ್ಲಿ ಅದಕ್ಕೆ ಕ್ರೆಡಿಟ್ ಸಿಕ್ಕಿದೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ತೆರಿಗೆ ಮುಗಿದಿರಬಹುದು, ಆದಾಯದ ಸಾಲಿನಲ್ಲಿ ಆ ಲಾಭ ಹಾಗೇ ಕೂತಿರುತ್ತದೆ. ಎರಡು ವರ್ಷ ಬಿಟ್ಟು ಇರ್ಮಾ ಪತ್ರ ಬರುತ್ತದೆ. ಆಸ್ತಿ ಮಾರಿದ ಲಾಭ ಎಸ್‌ಎಸ್‌ಎ-44ರ ಕಾರಣಗಳ ಪಟ್ಟಿಯಲ್ಲಿಲ್ಲ, ಹಾಗಾಗಿ ಮನವಿಗೂ ಅವಕಾಶವಿಲ್ಲ. ಎನ್‌ಆರ್‌ಇ ಠೇವಣಿಯ ಬಡ್ಡಿಯೂ ಅಷ್ಟೇ: ಅಲ್ಲಿ ತೆರಿಗೆ ಮುಕ್ತ, ಇಲ್ಲಿ ಆದಾಯ. ಮಾರುವ ವರ್ಷವನ್ನು ಆರಿಸಿಕೊಳ್ಳುವ ಅನುಕೂಲವಿದ್ದರೆ 63 ತುಂಬುವ ವರ್ಷಕ್ಕೆ ಮೊದಲೇ ಮುಗಿಸಿಕೊಂಡವರು ಜಾಣರು.

ಮೂರನೆಯ ದಾರಿ: ಗಿವ್‌ಬ್ಯಾಕ್

ಮೂಲ ಮೆಡಿಕೇರ್ ಸರ್ಕಾರದ್ದು. ಅದರ ಬದಲು ಖಾಸಗಿ ಕಂಪನಿಯ ಮೂಲಕ ಎ ಮತ್ತು ಬಿ ಎರಡನ್ನೂ ಪಡೆಯುವ ವ್ಯವಸ್ಥೆಗೆ ಮೆಡಿಕೇರ್ ಅಡ್ವಾಂಟೇಜ್ ಅಥವಾ ಪಾರ್ಟ್ ಸಿ ಎನ್ನುತ್ತಾರೆ. ಗಿವ್‌ಬ್ಯಾಕ್ ಸಿಗುವುದು ಇಂಥ ಕೆಲವು ಅಡ್ವಾಂಟೇಜ್ ಪ್ಲಾನುಗಳಲ್ಲಿ ಮಾತ್ರ. ಮೂಲ ಮೆಡಿಕೇರ್‌ನಲ್ಲಿಲ್ಲ, ಮೂಲ ಮೆಡಿಕೇರ್ ಕೊಡದೆ ಉಳಿಸುವ ಖರ್ಚಿಗೆಂದು ಕೊಳ್ಳುವ ಪೂರಕ ಖಾಸಗಿ ವಿಮೆಯಾದ ಮೆಡಿಗ್ಯಾಪ್‌ನಲ್ಲೂ ಇಲ್ಲ.

ದುಡ್ಡು ಎಲ್ಲಿಂದ ಬರುತ್ತದೆ? ಒಬ್ಬ ಸದಸ್ಯನನ್ನು ನೋಡಿಕೊಳ್ಳಲು ಇಷ್ಟು ಎಂದು ಸರ್ಕಾರ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂತೆ) ಒಂದು ಮಾನದಂಡದ ಮೊತ್ತ ಗೊತ್ತು ಮಾಡುತ್ತದೆ. ಕಂಪನಿ "ನಾವು ಇಷ್ಟರಲ್ಲೇ ಮಾಡುತ್ತೇವೆ" ಎಂದು ಬಿಡ್ ಹಾಕುತ್ತದೆ. ಬಿಡ್ ಮಾನದಂಡಕ್ಕಿಂತ ಕಡಿಮೆಯಿದ್ದರೆ, ಉಳಿದ ವ್ಯತ್ಯಾಸದಲ್ಲಿ ಪ್ಲಾನಿನ ಗುಣಮಟ್ಟಕ್ಕೆ ಸಿಕ್ಕ ಸ್ಟಾರ್ ರೇಟಿಂಗ್ ನೋಡಿ ಶೇ 50, 65 ಅಥವಾ 70ರಷ್ಟು ಕಂಪನಿಗೆ ರಿಬೇಟ್ ಆಗಿ ಸಿಗುತ್ತದೆ. ಈ ರಿಬೇಟನ್ನು ಸದಸ್ಯರಿಗೇ ಖರ್ಚು ಮಾಡಬೇಕು. ಹಲ್ಲು, ಕಣ್ಣು, ಕಿವಿಯ ಸೌಲಭ್ಯ ಕೊಡಬಹುದು, ಕೋಪೇ ಇಳಿಸಬಹುದು, ಇಲ್ಲವೇ ಪಾರ್ಟ್ ಬಿ ಪ್ರೀಮಿಯಂನ ಒಂದು ಭಾಗ ತಾನೇ ಕಟ್ಟಬಹುದು. ಕೊನೆಯದೇ ಗಿವ್‌ಬ್ಯಾಕ್. ಅಡ್ವಾಂಟೇಜ್ ಪ್ಲಾನುಗಳಿಗೆ ಇದಕ್ಕೆ ಅನುಮತಿ ಸಿಕ್ಕಿದ್ದು 2003ರಿಂದ.

ಅಂದರೆ ಒಂದೇ ಪಾತ್ರೆಯ ಸಾರು. ಪ್ರೀಮಿಯಂ ಬಟ್ಟಲಿಗೆ ಹೆಚ್ಚು ಬಡಿಸಿದರೆ ಕೋಪೇ ಬಟ್ಟಲಿಗೆ ಅಷ್ಟು ಕಡಿಮೆ. ಮಾವನಿಗೆ ಇದು ಹೇಳಿದ ಕೂಡಲೇ ಅರ್ಥವಾಯಿತು, ಉಳಿದದ್ದು ಬರೀ ಅಂಕಿ ಸಂಖ್ಯೆ.

ಕಡಿತದ ಮೊತ್ತ ಕೆಲವು ಸೆಂಟುಗಳಿಂದ ಹಿಡಿದು ಪೂರ್ತಿ 202.90ರವರೆಗೂ ಇರಬಹುದು. ಪಕ್ಕದ ಕೌಂಟಿಯಲ್ಲಿರುವ ನಿಮ್ಮ ಭಾವಮೈದುನನಿಗೆ 100 ಸಿಕ್ಕಿದರೆ ನಿಮಗೂ ಸಿಗುತ್ತದೆಂದಿಲ್ಲ. ಸಿಗಬೇಕಾದರೆ ಎ ಮತ್ತು ಬಿ ಎರಡೂ ಇರಬೇಕು, ಪ್ಲಾನಿನ ಸೇವಾ ಪ್ರದೇಶದಲ್ಲಿ ವಾಸವಿರಬೇಕು, ಪಾರ್ಟ್ ಬಿ ಪ್ರೀಮಿಯಂ ನಿಮ್ಮ ಕೈಯಿಂದಲೇ ಹೋಗುತ್ತಿರಬೇಕು. ಮೊದಲ ದಾರಿಯಲ್ಲಿ ರಾಜ್ಯವೇ ಕಟ್ಟುತ್ತಿದ್ದರೆ ನಿಮ್ಮ ಜೇಬಿಗೆ ಏನೂ ಬರುವುದಿಲ್ಲ. ಅಂಥವರಿಗೆ ಗಿವ್‌ಬ್ಯಾಕ್ ಆಸೆ ತೋರಿಸಿ ಪ್ಲಾನ್ ಬದಲಾಯಿಸುವ ಏಜೆಂಟರ ಮಾತು ಕೇಳಬೇಡಿ. ದಂಡ ಮತ್ತು ಇರ್ಮಾಗೂ ಗಿವ್‌ಬ್ಯಾಕ್ ತಗಲುವುದಿಲ್ಲ. ಇರ್ಮಾದ ಮೊದಲ ಮೆಟ್ಟಿಲಲ್ಲಿ 284.10 ಕಟ್ಟುವವರಿಗೆ 50 ಡಾಲರ್ ಕಡಿತವಿದ್ದರೆ 234.10 ಉಳಿಯುತ್ತದೆ, ಇರ್ಮಾದ 81.20 ಹಾಗೇ ಇರುತ್ತದೆ.

ಚೆಕ್ಕು ಬರುತ್ತದೆಂದು ಕಾಯುವವರೂ ಇದ್ದಾರೆ. ಹಣ ಬೇರೆಯಾಗಿ ಬರುವುದಿಲ್ಲ, ಮುರಿಯುವುದು ಕಡಿಮೆಯಾಗುತ್ತದೆ. ತಿಂಗಳಿಗೆ 1,800 ಡಾಲರ್ ಪಿಂಚಣಿಯವರಿಗೆ ಮುರಿದು 1,597.10 ಬರುತ್ತಿದ್ದರೆ, 50 ಡಾಲರ್ ಕಡಿತದ ಪ್ಲಾನಿನಲ್ಲಿ 1,647.10 ಬರುತ್ತದೆ. ಮನೆಗೆ ಬಿಲ್ಲು ಬರುವವರಿಗೆ ಬಿಲ್ಲಿನ ಮೊತ್ತ ಇಳಿಯುತ್ತದೆ.

ಪ್ಲಾನ್ ಹುಡುಕುವುದು, ತೂಗುವುದು

ಮೆಡಿಕೇರ್ ಡಾಟ್ ಗವ್ ತಾಣದ ಪ್ಲಾನ್ ಹುಡುಕುವ ಪುಟದಲ್ಲಿ ನಿಮ್ಮ ಜಿಪ್ ಕೋಡ್ ಹಾಕಿ. ಮೊದಲೇ ನಿಮ್ಮ ಔಷಧಿಗಳ ಹೆಸರು, ಡೋಸು, ಔಷಧಿ ಅಂಗಡಿ ಎಲ್ಲ ತುಂಬಿಸಿ. ಹತ್ತು ನಿಮಿಷ ಹೆಚ್ಚು ಹಿಡಿದರೂ ಆಮೇಲಿನ ಹೋಲಿಕೆಗೆ ಅದೇ ಆಧಾರ. ಪ್ರತಿ ಪ್ಲಾನಿನ ವಿವರದಲ್ಲಿ ಪಾರ್ಟ್ ಬಿ ಪ್ರೀಮಿಯಂ ಕಡಿತ ಎಂಬ ಸಾಲಿರುತ್ತದೆ. ಕಂಪನಿಯ ಸೌಲಭ್ಯಗಳ ಸಾರಾಂಶದ ಕಡತದಲ್ಲೂ ಇದು ಅಚ್ಚಾಗಿರಬೇಕು. ಅಲ್ಲಿಲ್ಲದ್ದನ್ನು ಏಜೆಂಟ್ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ.

ಇನ್ನು ತೂಗುವುದು. ಮಾವನ ಕೌಂಟಿಯಲ್ಲಿ ಎರಡು ಪ್ಲಾನು ಉಳಿದವು, ಎರಡಕ್ಕೂ ತಮ್ಮದೇ ಪ್ರೀಮಿಯಂ ಸೊನ್ನೆ. ಒಂದರಲ್ಲಿ ತಿಂಗಳಿಗೆ 75 ಡಾಲರ್ ಕಡಿತ, ವರ್ಷಕ್ಕೆ 900. ಆಸ್ಪತ್ರೆ ಸೇರಿದರೆ ಮೊದಲ 6 ದಿನ ದಿನಕ್ಕೆ 400 ಕೋಪೇ, ಅಂದರೆ 2,400. ಇನ್ನೊಂದರಲ್ಲಿ ಕಡಿತವಿಲ್ಲ, ಆಸ್ಪತ್ರೆಗೆ ಮೊದಲ 5 ದಿನ 250, ಅಂದರೆ 1,250. ಒಂದು ಸಲ ಆಸ್ಪತ್ರೆ ಕಂಡರೆ 1,150 ಡಾಲರ್ ವ್ಯತ್ಯಾಸ, ವರ್ಷದ ಗಿವ್‌ಬ್ಯಾಕ್ ಅಲ್ಲಿಗೇ ಮುಳುಗಿತು. ಅದರ ಮೇಲೆ ತಜ್ಞರ ಭೇಟಿಗೆ ಮೊದಲನೆಯದರಲ್ಲಿ 20 ಡಾಲರ್ ಹೆಚ್ಚು, ಮಾವ ವರ್ಷಕ್ಕೆ ಹನ್ನೆರಡು ಸಲವಾದರೂ ಹೃದ್ರೋಗ ತಜ್ಞರನ್ನೂ ಮೂತ್ರಪಿಂಡದ ಡಾಕ್ಟರನ್ನೂ ನೋಡುತ್ತಾರೆ. ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಂದ್ರೆ ನಂದೇ ದುಡ್ಡು ನಂಗೇ ವಾಪಸ್ಸು" ಎಂದರು.

ಆದರೆ ಅತ್ತೆಗೆ ಲೆಕ್ಕ ಬೇರೆಯಾಯಿತು. ವರ್ಷಕ್ಕೊಮ್ಮೆ ತಪಾಸಣೆ, ಬಿಪಿಗೆ ಒಂದು ಮಾತ್ರೆ, ಅಷ್ಟೇ. ಅವರ ಡಾಕ್ಟರು ಗಿವ್‌ಬ್ಯಾಕ್ ಪ್ಲಾನಿನ ನೆಟ್‌ವರ್ಕ್‌ನಲ್ಲಿ, ಅಂದರೆ ಪ್ಲಾನ್ ಒಪ್ಪಂದ ಮಾಡಿಕೊಂಡ ಡಾಕ್ಟರು, ಆಸ್ಪತ್ರೆಗಳ ಪಟ್ಟಿಯಲ್ಲಿದ್ದರು. ಅವರು ಅದಕ್ಕೇ ಸೇರಿದರು. ಗಂಡ ಹೆಂಡತಿ ಒಂದೇ ಪ್ಲಾನಿನಲ್ಲಿರಬೇಕೆಂದು ಮೆಡಿಕೇರ್‌ನಲ್ಲಿ ಯಾವ ಕಟ್ಟುಪಾಡೂ ಇಲ್ಲ.

ನೆಟ್‌ವರ್ಕ್ ಒಳಗಿನ ಖರ್ಚಿನ ವಾರ್ಷಿಕ ಮೇಲ್ಮಿತಿಯನ್ನೂ ಹೋಲಿಸಿ. 2026ರಲ್ಲಿ ಕಾನೂನು ಒಪ್ಪುವ ಗರಿಷ್ಠ 9,250 ಡಾಲರ್, ಹಲವು ಪ್ಲಾನುಗಳದು ಅದಕ್ಕಿಂತ ಕಡಿಮೆ. ಗಿವ್‌ಬ್ಯಾಕ್ ಪ್ಲಾನಿನದು ಗರಿಷ್ಠದ ಹತ್ತಿರವೇ ಇದ್ದರೆ ಕಾಯಿಲೆ ಬಿದ್ದ ವರ್ಷ ಏನಾದೀತು ಎಂದು ಯೋಚಿಸಿ. ಡಾಕ್ಟರು ನೆಟ್‌ವರ್ಕ್‌ನಲ್ಲಿದ್ದಾರೆಯೇ ಎಂಬುದನ್ನು ಕಂಪನಿಯ ಪಟ್ಟಿ ನೋಡಿ ಬಿಡಬೇಡಿ, ಕ್ಲಿನಿಕ್ಕಿಗೇ ಫೋನ್ ಮಾಡಿ ಪ್ಲಾನಿನ ಪೂರ್ತಿ ಹೆಸರು ಹೇಳಿ ಕೇಳಿ.

ಔಷಧಿಯ ಬಲೆ ಇನ್ನೊಂದು. ದೊಡ್ಡ ಕಡಿತ ಕೊಡುವ ಎಷ್ಟೋ ಪ್ಲಾನುಗಳಲ್ಲಿ ಔಷಧಿ ವಿಮೆಯೇ ಇರುವುದಿಲ್ಲ. ಸೇನೆಯಿಂದ ನಿವೃತ್ತರಾಗಿ ಬೇರೆ ಕಡೆಯಿಂದ ಔಷಧಿ ಸಿಗುವವರನ್ನು ನೋಡಿ ಮಾಡಿದ ಪ್ಲಾನುಗಳವು. ಎಚ್‌ಎಂಒ, ಪಿಪಿಒ ಎಂಬ ನೆಟ್‌ವರ್ಕ್ ಬಗೆಯ ಅಡ್ವಾಂಟೇಜ್ ಪ್ಲಾನಿನಲ್ಲಿದ್ದುಕೊಂಡು ಬೇರೆಯಾಗಿ ಪಾರ್ಟ್ ಡಿ ಎಂಬ ಔಷಧಿ ವಿಮೆ ಕೊಳ್ಳಲು ಆಗುವುದಿಲ್ಲ, ಕೊಂಡರೆ ಅಡ್ವಾಂಟೇಜ್ ಪ್ಲಾನಿನಿಂದಲೇ ಹೊರಬೀಳುತ್ತೀರಿ. ಔಷಧಿ ವಿಮೆಯಿಲ್ಲದೆ ಕಳೆದ ತಿಂಗಳುಗಳಿಗೆ ಮುಂದೆ ದಂಡವೂ ಬೀಳುತ್ತದೆ.

ಮೆಡಿಗ್ಯಾಪ್ ಇಟ್ಟುಕೊಂಡಿರುವವರು ಎರಡು ಸಲವಲ್ಲ, ನಾಲ್ಕು ಸಲ ಯೋಚಿಸಬೇಕು. 65 ದಾಟಿ ಪಾರ್ಟ್ ಬಿ ಆರಂಭವಾದ ಮೊದಲ 6 ತಿಂಗಳು ಕಾಯಿಲೆಯ ಇತಿಹಾಸ ಕೇಳದೆ ಮೆಡಿಗ್ಯಾಪ್ ಕೊಡಲೇಬೇಕು. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಆರೋಗ್ಯ ನೋಡಿ ನಿರಾಕರಿಸಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮೆಸಾಚುಸೆಟ್ಸ್, ಮೇನ್ ರಾಜ್ಯಗಳು ಇದಕ್ಕೆ ಹೊರತು. ಮೊದಲ ಬಾರಿ ಮೆಡಿಗ್ಯಾಪ್ ಬಿಟ್ಟು ಅಡ್ವಾಂಟೇಜ್‌ಗೆ ಬಂದವರಿಗೆ 12 ತಿಂಗಳೊಳಗೆ ಮರಳುವ ಹಕ್ಕಿದೆ. ಅದು ಕಳೆದರೆ ತಿಂಗಳ ಎಪ್ಪತ್ತೈದು ಡಾಲರಿಗೆ ಹಿಂದಿನ ಸೇತುವೆ ಕಡಿದುಕೊಂಡ ಹಾಗೆ. ಹಳೆಯ ಕಂಪನಿಯಿಂದ ನಿವೃತ್ತಿ ವಿಮೆ ಬರುತ್ತಿದ್ದರೂ ಮೊದಲು ಅವರನ್ನು ಕೇಳಿ, ಅಡ್ವಾಂಟೇಜ್‌ಗೆ ಸೇರಿದ ತಕ್ಷಣ ಅದು ರದ್ದಾಗುವುದುಂಟು.

ಊರಿಗೆ ಹೋಗಿ ಬರುವವರು, ಊರಿಂದ ಬಂದವರು

ಚಳಿಗಾಲ ಕಳೆಯಲು ಊರಿಗೆ ಹೋಗಿ ಯುಗಾದಿ ಮುಗಿಸಿ ಬರುವುದು ನಮ್ಮ ಹಿರಿಯರ ರೂಢಿ. ಅಡ್ವಾಂಟೇಜ್ ಪ್ಲಾನಿನ ಸೇವಾ ಪ್ರದೇಶದಿಂದ ಸತತ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಪ್ಲಾನಿನಿಂದ ಹೆಸರು ತೆಗೆಯುತ್ತಾರೆ, ಗಿವ್‌ಬ್ಯಾಕ್ ಕೂಡ ಅಲ್ಲಿಗೆ ನಿಲ್ಲುತ್ತದೆ. ಭಾರತದಲ್ಲಿನ ಚಿಕಿತ್ಸೆಗೆ ಮೂಲ ಮೆಡಿಕೇರ್ ಹಣ ಕೊಡುವುದಿಲ್ಲ. ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಪ್ಲಾನುಗಳು ಪ್ರವಾಸದ ಮೊದಲ 60 ದಿನಗಳೊಳಗಿನ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ 80ರಷ್ಟು ಕೊಡುತ್ತವೆ, ಜೀವಮಾನಕ್ಕೆ 50,000 ಡಾಲರ್ ಮಿತಿ. ಆರು ತಿಂಗಳು ಜಯನಗರ, ಆರು ತಿಂಗಳು ನ್ಯೂಜೆರ್ಸಿ ಎನ್ನುವವರಿಗೆ ಗಿವ್‌ಬ್ಯಾಕ್ ಒಗ್ಗುವುದು ಕಷ್ಟ.

ಮಕ್ಕಳ ಜೊತೆ ಇರಲು ಬಂದ ತಂದೆತಾಯಿ 65 ದಾಟಿ, ಗ್ರೀನ್ ಕಾರ್ಡ್‌ನಲ್ಲಿ ಸತತ 5 ವರ್ಷ ಇಲ್ಲೇ ವಾಸವಿದ್ದರೆ ಮೆಡಿಕೇರ್ ಕೊಳ್ಳಬಹುದು. ಆದರೆ ಅವರಿಗೆ 40 ಕ್ವಾರ್ಟರ್ ಇರುವುದಿಲ್ಲ. ಮಗ ಇಲ್ಲಿ ಇಪ್ಪತ್ತು ವರ್ಷ ದುಡಿದದ್ದು ಅವರ ಲೆಕ್ಕಕ್ಕೆ ಸೇರುವುದಿಲ್ಲ, ಊರಿನಲ್ಲಿ ಪಿಎಫ್ ಕಟ್ಟಿದ ವರ್ಷಗಳೂ ಸೇರುವುದಿಲ್ಲ. ಹಾಗಾಗಿ ಪಾರ್ಟ್ ಎಗೆ 2026ರಲ್ಲಿ ತಿಂಗಳಿಗೆ 565 ಡಾಲರ್ ಕೊಡಬೇಕು. ಬರೀ ಪಾರ್ಟ್ ಬಿ ಕೊಂಡವರು ಅಡ್ವಾಂಟೇಜ್ ಪ್ಲಾನಿಗೆ ಸೇರುವಂತಿಲ್ಲ. ಅಂದರೆ 75 ಡಾಲರ್ ಗಿವ್‌ಬ್ಯಾಕ್‌ಗಾಗಿ ಮೊದಲು 565 ತೆರಬೇಕು! ಆಸ್ಪತ್ರೆ ವಿಮೆ ಹೇಗೂ ಬೇಕೆಂದು ಪಾರ್ಟ್ ಎ ಕೊಂಡವರಿಗೆ ಮಾತ್ರ ಈ ಕಡಿತ ಒಂದಿಷ್ಟು ಆಸರೆ.

ಸೇರುವ ದಿನಗಳು, ಆಮೇಲಿನ ಕಾವಲು

ವಾರ್ಷಿಕ ಅವಧಿ ಅಕ್ಟೋಬರ್ 15ರಿಂದ ಡಿಸೆಂಬರ್ 7. ಆಗ ಬದಲಾಯಿಸಿದ್ದು ಜನವರಿ 1ರಿಂದ ಜಾರಿ. ಹೊಸದಾಗಿ 65 ಆಗುವವರಿಗೆ ಹುಟ್ಟಿದ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು ಸೇರಿ 7 ತಿಂಗಳ ಅವಕಾಶ. ಈಗಾಗಲೇ ಸದಸ್ಯರಾಗಿರುವವರಿಗೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮುಂದಿನ ವರ್ಷದ ಬದಲಾವಣೆಗಳ ಪತ್ರ ಬರುತ್ತದೆ. ಗಿವ್‌ಬ್ಯಾಕ್ ಮೊತ್ತ ವರ್ಷ ವರ್ಷ ಬದಲಾಗುತ್ತದೆ, ಈ ವರ್ಷ 75 ಇದ್ದದ್ದು ಬರುವ ವರ್ಷ 30 ಆಗಬಹುದು. ಆ ಪತ್ರವನ್ನು ಜಾಹೀರಾತಿನ ರಾಶಿಯೊಂದಿಗೆ ಕಸಕ್ಕೆ ಹಾಕದಂತೆ ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಯಾರಾದರೂ ತಾವಾಗಿ ಫೋನ್ ಮಾಡಿ "ನಿಮ್ಮ ರಿಫಂಡ್ ಬಾಕಿಯಿದೆ, ಮೆಡಿಕೇರ್ ನಂಬರ್ ಹೇಳಿ" ಎಂದರೆ ಇಟ್ಟುಬಿಡಿ. ಅನುಮಾನವಿದ್ದರೆ 1-800-633-4227ಕ್ಕೆ ನೀವೇ ಕರೆ ಮಾಡಿ, ಬೇರೆ ಭಾಷೆಯ ದುಭಾಷಿ ಬೇಕೆಂದರೂ ಕೇಳಬಹುದು. ಯಾವ ಪ್ಲಾನನ್ನೂ ಮಾರದೆ ಪುಕ್ಕಟೆ ಸಲಹೆ ಕೊಡುವ ‘ಶಿಪ್’ ಎಂಬ ಸರ್ಕಾರಿ ನೆರವಿನ ಸೇವೆ ಪ್ರತಿ ರಾಜ್ಯದಲ್ಲೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್. ಅಪಾಯಿಂಟ್‌ಮೆಂಟನ್ನು ಅಕ್ಟೋಬರ್ ಮೊದಲ ವಾರದಲ್ಲೇ ಹಿಡಿಯಿರಿ, ಡಿಸೆಂಬರ್ ಹೊತ್ತಿಗೆ ಅಲ್ಲಿ ನೂಕುನುಗ್ಗಲು.

ಸೇರಿದ ಮೇಲೆ ಕಡಿತ ಮೊದಲ ತಿಂಗಳೇ ಕಾಣದಿದ್ದರೆ ಗಾಬರಿ ಬೇಡ. ಪ್ಲಾನಿನಿಂದ ಮೆಡಿಕೇರ್‌ಗೆ, ಅಲ್ಲಿಂದ ಸೋಷಿಯಲ್ ಸೆಕ್ಯೂರಿಟಿಗೆ ಸುದ್ದಿ ಮುಟ್ಟಲು ಒಂದರಿಂದ ಮೂರು ತಿಂಗಳು ಹಿಡಿಯಬಹುದು, ಹಿಂದಿನ ತಿಂಗಳುಗಳ ಬಾಕಿಯೂ ಸೇರಿ ಬರುತ್ತದೆ. ಅತ್ತೆಗೆ ಮಾರ್ಚಿನಲ್ಲಿ ಮೂರು ತಿಂಗಳದ್ದು ಒಟ್ಟಿಗೆ ಬಂತು. ಬ್ಯಾಂಕ್ ಖಾತೆಯಲ್ಲಿ ಜನವರಿಯಿಂದಲೇ ಜಮೆಯಾದ ಮೊತ್ತ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದರೂ ಕಾಣದಿದ್ದರೆ ಮೊದಲು ಪ್ಲಾನಿಗೆ, ಆಮೇಲೆ ಸೋಷಿಯಲ್ ಸೆಕ್ಯೂರಿಟಿಯ 1-800-772-1213ಕ್ಕೆ ಕರೆ ಮಾಡಿ, ಮಾತಾಡಿದ ತಾರೀಖು ಗುರುತು ಹಾಕಿಕೊಳ್ಳಿ. ಆ ಹೊತ್ತಿಗೆ ಡಾಕ್ಟರ ಬಳಿ ಒಂದೆರಡು ಸಲ ಹೋಗಿ ಕೋಪೇ ಬಿಸಿಯೂ ತಟ್ಟಿರುತ್ತದೆ. ಪ್ಲಾನ್ ಸರಿಬರಲಿಲ್ಲವೆಂದರೆ ಮಾರ್ಚ್ 31ರವರೆಗೆ ಒಂದು ಸಲ ಬೇರೆ ಅಡ್ವಾಂಟೇಜ್ ಪ್ಲಾನಿಗೋ ಮೂಲ ಮೆಡಿಕೇರ್‌ಗೋ ಬದಲಾಯಿಸಿಕೊಳ್ಳಬಹುದು.